ಅರ್ಧ ಬಾಲದ ವಿಮಾನ

ಕೆಲವು ಗಂಡಸರಿಗೆ ಕುಡಿತದ ಚಟ, ಕೆಲವರಿಗೆ ಇಸ್ಪೀಟಿನ ಚಟ. ಸುಮೇಧಾಳ ಗಂಡ ಸತ್ಯಾತ್ಮನಿಗೆ ಇದ್ದದ್ದು ಸರಿಮಾಡುವ ಚಟ. ಕುಡುಕನ ಹೆಂಡತಿಗಾದರೆ ಅಯ್ಯೋ ಪಾಪ ಅನ್ನುವವರು ಬೀದಿ ತುಂಬ ಸಿಗುತ್ತಾರೆ. ಸರಿಮಾಡುವವನ ಹೆಂಡತಿಗೆ ಯಾರಿದ್ದಾರೆ ಹೇಳಿ? "ನಿಮ್ಮ ಮನೆಯವ್ರು ಎಷ್ಟು ಒಳ್ಳೇವ್ರು, ಎಲ್ಲದಕ್ಕೂ ಕೈ ಹಾಕ್ತಾರೆ" ಎಂದು ಮದ್ರಾಸಿನ ಅಣ್ಣಾ ನಗರದ ಆ ಅಪಾರ್ಟ್‌ಮೆಂಟಿನ ಹೆಂಗಸರು ಹೊಗಳುತ್ತಿದ್ದರು. ಕೈ ಹಾಕುತ್ತಿದ್ದ, ನಿಜ. ಅವಳು ಹುಳಿ ಕುದಿಯಲು ಬಿಟ್ಟು ಸ್ನಾನಕ್ಕೆ ಹೋದರೆ ಅದಕ್ಕೆ ಉಪ್ಪು ಹಾಕುತ್ತಿದ್ದ. ಅದು ಎರಡನೆಯ ಸಲದ ಉಪ್ಪಾಗುತ್ತಿತ್ತು. ಅವಳು ಹಾಕಿದ ರಂಗೋಲಿಯ ಚುಕ್ಕಿಯನ್ನು ಕಾಲ್ಬೆರಳಿನಿಂದ ಸರಿಸುತ್ತಿದ್ದ. ಅವಳು ನಿಲ್ಲಿಸಿದ ಸ್ಕೂಟರನ್ನು ಎತ್ತಿ ಒಂದು ಗೇಣು ಪಕ್ಕಕ್ಕಿಡುತ್ತಿದ್ದ. ನಾಲ್ಕು ಜನರ ಮುಂದೆ ಅವಳು ಏನಾದರೂ ಹೇಳತೊಡಗಿದರೆ, "ಮಂಗಳವಾರ ಅಲ್ಲ ಸುಮಾ, ಬುಧವಾರ" ಎಂದು ಮಧ್ಯೆ ಬಾಯಿ ಹಾಕುತ್ತಿದ್ದ. ಮಂಗಳವಾರವಾದರೇನು, ಬುಧವಾರವಾದರೇನು, ಮಾತಿನ ರಸವೆಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಬ್ಯಾಂಕಿನ ಆಡಿಟ್ ವಿಭಾಗದಲ್ಲಿ ಹಗಲೆಲ್ಲ ಬೇರೆಯವರ ತಪ್ಪು ಹುಡುಕುವ ಕೆಲಸ ಅವನದು. ಸಂಜೆ ಮನೆಗೆ ಬಂದ ಮೇಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ.

ಉಪ್ಪು, ಚುಕ್ಕಿ, ಸ್ಕೂಟರು, ಎಲ್ಲವನ್ನೂ ಸುಮೇಧಾ ನುಂಗಿಕೊಂಡಿದ್ದಳು. ಮದುವೆಯಾದ ಹೊಸದರಲ್ಲಿ ಜಗಳವಾಡಿದ್ದಳು, ಆಮೇಲೆ ಅಳುತ್ತಿದ್ದಳು, ಆಮೇಲೆ ಅದೂ ಬಿಟ್ಟುಹೋಯಿತು. ಕಾಸಿಮೇಡಿನ ಕಡೆಯ ಇನ್ಶೂರೆನ್ಸ್ ಆಫೀಸಿನಲ್ಲಿ ಮೀನುಗಾರರ ದೋಣಿಗಳ ಕಾಗದಪತ್ರ ನೋಡುವ ಕೆಲಸ ಅವಳದು. ಅಲ್ಲಿ ಅವಳ ಒಂದು ಸಹಿಗೆ ಬೆಲೆಯಿತ್ತು. ದೋಣಿ ಹೀಗಿದೆ ಎಂದು ಅವಳು ಬರೆದರೆ ಹೀಗೇ ಇದೆ ಎಂದು ಅರ್ಥ. ಮನೆಗೆ ಬಂದು ಚಪ್ಪಲಿ ಬಿಟ್ಟ ಕ್ಷಣದಿಂದ ಅವಳ ಮಾತಿಗೆ ಇನ್ನೊಬ್ಬರ ಸಹಿ ಬೇಕಾಗುತ್ತಿತ್ತು.

ಇಂಥ ಮನೆಯಲ್ಲಿ ಅವಳದೇ ಅನ್ನುವಂಥದ್ದು ಒಂದೇ ಇತ್ತು: ಬಾಲ್ಕನಿಯ ಮೂಲೆಯ ಮೇಜು, ಅದರ ಮೇಲೆ ವಿಮಾನಗಳು. ಕೊರೊನಾ ಕಾಲದಲ್ಲಿ ಮಗಳು ನಿಖಿತಾಳಿಗೆ ಹೊತ್ತು ಹೋಗಲೆಂದು ಒಂದು ಪ್ಲಾಸ್ಟಿಕ್ ವಿಮಾನದ ಕಿಟ್ ತರಿಸಿದ್ದರು. ಮಗಳು ಎರಡು ರೆಕ್ಕೆ ಅಂಟಿಸಿ "ಬೋರ್ ಅಡಿಕ್ಕುದಮ್ಮಾ" ಎಂದು ಎದ್ದುಹೋದಳು. ತಾಯಿ ಕೂತಳು, ಕೂತವಳು ಏಳಲಿಲ್ಲ. ಕಿಟ್ಟಿನ ಪ್ಲಾಸ್ಟಿಕ್ ಚೌಕಟ್ಟಿನಿಂದ ಒಂದೊಂದೇ ಚೂರನ್ನು ಕತ್ತರಿಸಿ, ಅಂಚು ಉಜ್ಜಿ, ಚಿಮುಟದಲ್ಲಿ ಹಿಡಿದು ಕೂರಿಸುವಾಗ ಅವಳಿಗೆ ಉಸಿರೇ ಬೇರೆ ಥರ ಆಡುತ್ತಿತ್ತು. ಆ ಮೇಜಿನ ಹತ್ತಿರ ಸತ್ಯಾತ್ಮನೂ ಬರುತ್ತಿರಲಿಲ್ಲ. ಗೌರವದಿಂದಲ್ಲ. ಅದು ಆಟದ ಸಾಮಾನು, ಅದರಲ್ಲಿ ತಪ್ಪೇನು ಸರಿಯೇನು ಎಂಬ ಅಸಡ್ಡೆಯಿಂದ.

ಈ ವರ್ಷ ಅವಳು ಹಿಡಿದದ್ದು ಒಂದು ವಿಚಿತ್ರ ವಿಮಾನವನ್ನು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯವರು ಶತ್ರುಗಳ ಚಲನವಲನ ನೋಡಿಕೊಂಡು ಬರಲೆಂದು ಮಾಡಿದ್ದು, ಬಿ.ವಿ. ೧೪೧ ಎಂದು ಅದರ ಹೆಸರು. ವಿಮಾನವೆಂದರೆ ನಡುವೆ ಒಡಲು, ಆಚೀಚೆ ಸಮನಾದ ರೆಕ್ಕೆ ಎಂದು ನಾವೆಲ್ಲ ತಿಳಿದಿರುತ್ತೇವಲ್ಲ, ಇದು ಹಾಗಿರಲಿಲ್ಲ. ಎಂಜಿನ್ನೂ ಬಾಲವೂ ಎಡಕ್ಕೆ. ಮನುಷ್ಯರು ಕೂರುವ ಗಾಜಿನ ಗೂಡು ಅದರಿಂದ ಬೇರೆಯಾಗಿ ಬಲರೆಕ್ಕೆಯ ಮೇಲೆ. ಬಾಲದ ತುದಿಯಲ್ಲಿ ಅಡ್ಡಕ್ಕೆ ಚಾಚುವ ಪುಟ್ಟ ರೆಕ್ಕೆ ಇರುತ್ತದಲ್ಲ, ಅದು ಎಡಗಡೆ ಮಾತ್ರ. ಬಲಗಡೆ ಬೋಳು. ನೋಡಿದವರು ಯಾರಾದರೂ ಇದನ್ನು ಅರ್ಧ ಮಾಡಿ ಬಿಟ್ಟಿದ್ದಾರೆ ಅನ್ನಬೇಕು, ಹಾಗೆ. ಆದರೆ ಅದು ಹಾರಿತ್ತು, ಚೆನ್ನಾಗಿಯೇ ಹಾರಿತ್ತು.

ಅದರ ಗಾಜಿನ ಗೂಡಿಗೆ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಚಿಕ್ಕಚಿಕ್ಕ ಕಿಟಕಿಗಳೇ ಎಲ್ಲ. ಒಂದೊಂದಕ್ಕೂ ಟೇಪು ಕತ್ತರಿಸಿ ಅಂಟಿಸಿ, ಕಂಬಿಗಳಿಗೆ ಬಣ್ಣ ಸಿಂಪಡಿಸಿ, ಆಮೇಲೆ ಸೂಜಿಯಲ್ಲಿ ಟೇಪು ಎಬ್ಬಿಸಬೇಕು. ಒಳಗೆ ಕುರ್ಚಿ, ಬೆಲ್ಟು, ಅಕ್ಕಿಕಾಳಿನಷ್ಟು ಅಳತೆಯ ಮೀಟರುಗಳು. ಹೊರಗಿನಿಂದ ಎಲ್ಲ ಕಾಣುತ್ತಿತ್ತು, ಅದಕ್ಕೇ ಅಷ್ಟು ಶ್ರಮ. ಬಾಲದ ಮೇಲಿನ ಆ ವಕ್ರ ಗುರುತನ್ನು ಮಾತ್ರ ಬೇಕೆಂದೇ ಹಚ್ಚಲಿಲ್ಲ. ಅದು ಲಕ್ಷಾಂತರ ಜನರನ್ನು ಕೊಂದವರ ಗುರುತು. ನಮ್ಮವರು ಕಂಡರೆ ಸ್ವಸ್ತಿಕವೆಂದು ಕುಂಕುಮ ಇಟ್ಟುಬಿಡುತ್ತಾರೆ.

ನವರಾತ್ರಿ ಮುಗಿದ ಭಾನುವಾರ ಎಗ್ಮೋರಿನಲ್ಲಿ ಮಾಡೆಲ್ ಮಾಡುವವರ ಕೂಟದ ಪ್ರದರ್ಶನ ಇತ್ತು. ಅವರ ವಾಟ್ಸಾಪ್ ಗುಂಪಿನಲ್ಲಿ ಸುಮೇಧಾ ಬಹಳ ಕಾಲದಿಂದ ಇದ್ದಳು. ಎಲ್ಲರೂ ಅವಳನ್ನು "ಸಾರ್" ಅನ್ನುತ್ತಿದ್ದರು. ತಿದ್ದುವ ಗೋಜಿಗೆ ಅವಳು ಹೋಗಿರಲಿಲ್ಲ. ಈ ಸಲ ಧೈರ್ಯಮಾಡಿ, ಕೂಟ ನಡೆಸುವ ಗುರುಚರಣ ಎಂಬುವರಿಗೆ ಫೋನ್ ಮಾಡಿ ನನಗೊಂದು ಮೇಜು ಬೇಕು ಅಂದಿದ್ದಳು. ಆ ಕಡೆ ಅವರು ಒಂದು ಕ್ಷಣ ತಡವರಿಸಿ, "ಅಯ್ಯೋ, ಮೇಡಮ್ಮಾ! ಕಂಡಿಪ್ಪಾ ವಾಂಗ ಮೇಡಂ, ಖಂಡಿತ ಬನ್ನಿ" ಎಂದು ಕನ್ನಡ ತಮಿಳು ಎರಡರಲ್ಲೂ ಕರೆದಿದ್ದರು. ಆ ಮೇಜಿನ ಮೇಲೆ ಇಡುವುದಕ್ಕೆ ಅವಳ ಬಳಿ ಇದ್ದದ್ದು ಈ ವಿಮಾನ ಒಂದೇ. ಹಿಂದಿನವೆಲ್ಲ ಕಲಿಯುವ ಕಾಲದವು, ಜನರ ಮುಂದೆ ಇಡುವಂಥವಲ್ಲ. ತನ್ನ ಹೆಸರಿನಲ್ಲಿ, ತಾನು ಮಾಡಿದ್ದು ಹೀಗೇ ಸರಿ ಎಂದು ನಾಲ್ಕು ಜನ ಬಲ್ಲವರ ಎದುರು ನಿಲ್ಲಬೇಕು: ಆ ಒಂದು ದಿನ ಅವಳಿಗೆ ಬೇಕಾಗಿತ್ತು.

ಆ ವಿಮಾನ ಗೊಂಬೆಯ ಮೆಟ್ಟಿಲು ಹತ್ತಿದ್ದು ಅತ್ತೆ ಕೌಸಲ್ಯಾ ಅವರಿಂದ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದ ಮನೆತನ. ಆಚಾರ ಮಾಧ್ವರದು, ಬಾಯಲ್ಲಿ ಅರ್ಧ ತಮಿಳು, ನವರಾತ್ರಿಗೆ ಹಾಲಿನಲ್ಲಿ ಮೆಟ್ಟಿಲು ಕಟ್ಟಿ ಗೊಂಬೆಗಳ ಕೊಲು ಇಡುವುದು ತಪ್ಪಿದ್ದಿಲ್ಲ. ಮಹಾಲಯದ ದಿನ ಗೊಂಬೆಗಳನ್ನು ಹತ್ತಿಯಿಂದ ಬಿಡಿಸುತ್ತ ಕೂತಿದ್ದ ಮುದುಕಿ, ಬಾಲ್ಕನಿಯ ಕಡೆ ನೋಡಿ ಕೇಳಿದರು: "ಸುಮೇಧಾ, ಅದೇನಮ್ಮ ನಿನ್ನ ವಿಮಾನ ಹಾಗಿದೆ? ಒಂದು ಕಡೆ ಇಲ್ಲವೇ ಇಲ್ಲ."

ಆ ಮನೆಯಲ್ಲಿ ಯಾರೂ ಅವಳ ವಿಮಾನದ ಬಗ್ಗೆ ಒಂದು ಪ್ರಶ್ನೆ ಕೇಳಿದವರಲ್ಲ. ಸುಮೇಧಾ ಅದನ್ನು ತಂದು ಅತ್ತೆಯ ಮುಂದೆ ಹಿಡಿದು ಹೇಳಿದಳು. ಒಳಗೆ ಕೂತ ಇವರ ಕೆಲಸ ನೋಡುವುದು, ಅತ್ತೆ, ಮುಂದೆ ಎಂಜಿನ್ ಇದ್ದರೆ ಅಡ್ಡ ಬರುತ್ತೆ, ಅದಕ್ಕೇ ಎಂಜಿನ್ನನ್ನು ಎಡಕ್ಕೆ ದೂಡಿ ಇವರನ್ನು ಬಲಕ್ಕೆ ಕೂರಿಸಿದ್ದಾರೆ. ಹಿಂದೆ ಕೂತವನಿಗೆ ಹಿಂದಿನಿಂದ ಬರುವ ಶತ್ರು ಕಾಣಬೇಕು. ಬಲಗಡೆ ಬಾಲ ಇದ್ದರೆ ಅವನ ಕಣ್ಣಿಗೆ ಅಡ್ಡ, ಅದಕ್ಕೇ ಅದನ್ನು ತೆಗೆದುಬಿಟ್ಟಿದ್ದಾರೆ.

ಕೌಸಲ್ಯಾ ವಿಮಾನವನ್ನು ಕಣ್ಣಿನ ಹತ್ತಿರ ಹಿಡಿದು, ಹಿಂದಿನಿಂದ, ಆ ಬೋಳು ಕಡೆಯಿಂದ ಗಾಜಿನ ಗೂಡನ್ನು ನೋಡಿದರು. "ಹೌದು, ನೇರ ಕಾಣುತ್ತೆ. ಅಂದ್ರೆ ಇದು ಮುರಿದಿದ್ದಲ್ಲ, ಬಿಟ್ಟಿದ್ದು" ಅಂದರು. "ಕೆಳಗಿನ ಮೆಟ್ಟಿಲಲ್ಲಿ ಇಡು. ಈ ಸಲ ಇದೂ ಇರ್ಲಿ."

ಅಷ್ಟೇ ಅಲ್ಲ. ನವಮಿಯ ದಿನ ಆಯುಧಪೂಜೆಗೆ ಪ್ರತಿವರ್ಷ ಸತ್ಯಾತ್ಮನ ಲ್ಯಾಪ್‌ಟಾಪ್, ಸ್ಕೂಟರಿನ ಕೀ, ನಿಖಿತಾಳ ಪುಸ್ತಕ, ಅಡುಗೆಮನೆಯ ಈಳಿಗೆಮಣೆ ಇಡುತ್ತಿದ್ದರು. ಈ ವರ್ಷ ಕೌಸಲ್ಯಾ, "ನಿನ್ನ ಸಾಮಾನೆಲ್ಲಿ? ತಗೊಂಡ್ಬಾ" ಅಂದರು. ಕಟ್ಟರು, ಬ್ಲೇಡಿನ ಚಾಕು, ಉಗುರಿನಗಲದ ಗರಗಸ, ಚಿಮುಟ, ಒಂದೊಂದಕ್ಕೂ ಮುದುಕಿಯೇ ಕುಂಕುಮವಿಟ್ಟು ಕೋಯಂಬೇಡಿನ ಮಾರುಕಟ್ಟೆಯಿಂದ ತಂದ ಸೇವಂತಿಗೆಯ ಎಸಳು ಏರಿಸಿದರು. ಸುಮೇಧಾ ಮಾಡುವುದೂ ಕೆಲಸವೇ ಎಂದು ದೇವರ ಮುಂದೆ ಒಪ್ಪಿಕೊಂಡಂತೆ ಆಗಿತ್ತು ಅದು. ಇನ್ನು ಮರುದಿನ ಬೆಳಿಗ್ಗೆ ಪುನಃಪೂಜೆ ಆಗುವ ತನಕ ಆ ಸಾಮಾನನ್ನು ಯಾರೂ ಮುಟ್ಟುವಂತಿಲ್ಲ. ಓದುವಂತಿಲ್ಲ, ಬರೆಯುವಂತಿಲ್ಲ, ಹೆಚ್ಚುವಂತಿಲ್ಲ. ಆ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ನಿಯಮ ಅದು.

ಆ ದಿನ ಮಧ್ಯಾಹ್ನ ಮಾಂಬಲದಿಂದ ಸೀತತ್ತೆ ಬಂದರು. ಇವರು ಸತ್ಯಾತ್ಮನ ತಂದೆಯ ತಂಗಿ. ಶಾಸ್ತ್ರ ಸಂಪ್ರದಾಯದಲ್ಲಿ ಇವರು ಹೇಳಿದ್ದೇ ಕೊನೆಯ ಮಾತು ಎಂದು ಇವರೇ ತೀರ್ಮಾನಿಸಿಕೊಂಡಿದ್ದರು. ಮರುದಿನದ ಹಬ್ಬ ಮುಗಿಸಿಕೊಂಡೇ ಹೋಗುವುದೆಂದು ಬ್ಯಾಗು ಸಮೇತ ಬಂದಿದ್ದರು. ಅವರಿಗೆ ಕಾಫಿ ಕೊಟ್ಟು, ಸುಮೇಧಾ ಮಗಳನ್ನು ಕರೆದುಕೊಂಡು ಅಕ್ಕಪಕ್ಕದ ಮನೆಗಳಿಗೆ ಅರಿಶಿನ ಕುಂಕುಮಕ್ಕೆ ಹೊರಟಳು. ಮೇಲಿನ ಮನೆ, ಎದುರು ಬ್ಲಾಕು, ಆಚೆ ರಸ್ತೆಯ ಮನೆ. ಪ್ರತಿ ಮನೆಯಲ್ಲೂ ಕೂರಬೇಕು, ಒಂದು ಹಾಡು ಹೇಳಬೇಕು, ಕಾಳಿನ ಸುಂಡಲ್ ತಿನ್ನಬೇಕು. ತಿರುಗಿ ಬರುವಾಗ ಬೀದಿದೀಪ ಹತ್ತಿತ್ತು.

ಬಾಗಿಲು ತೆಗೆದ ಸತ್ಯಾತ್ಮನ ಮುಖ ಅರಳಿತ್ತು. "ಸುಮಾ, ಬಾ ಬಾ, ಇಲ್ಲಿ ನೋಡು" ಎಂದ.

ವಿಮಾನ ಅದರ ಮೆಟ್ಟಿಲಲ್ಲೇ ಇತ್ತು. ಅದರ ಮೇಲೆ ಕೇಕ್ ಮುಚ್ಚುವ ಪಾರದರ್ಶಕ ಮುಚ್ಚಳ ಬೋರಲು ಹಾಕಿತ್ತು. ಸುಮೇಧಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬಾಲ ಕಂಡಿತು. ಬಲಗಡೆಯ ಬೋಳು ಜಾಗದಲ್ಲಿ ಒಂದು ರೆಕ್ಕೆ ಬೆಳೆದಿತ್ತು. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದಿಂದ ಕತ್ತರಿಸಿ, ನಿಖಿತಾಳ ಪೋಸ್ಟರ್ ಬಣ್ಣದ ಹಸಿರು ಬಳಿದಿದ್ದ ಒಂದು ರೆಕ್ಕೆ.

"ಏನ್ರೀ ಇದು?"

"ಸೀತತ್ತೆ ಹೇಳಿದ್ರು. ಭಿನ್ನವಾದ ಗೊಂಬೆ ಕೊಲುವಿನಲ್ಲಿ ಇಡಬಾರದು, ಮನೆಗೆ ಆಗಲ್ಲ ಅಂತ. ನೋಡಿದ್ರೆ ಬಾಲ ಅರ್ಧ ಇಲ್ಲ. ನೀನೆಲ್ಲೋ ಮುರ್ಕೊಂಡು ಹಾಗೇ ಇಟ್ಟಿದ್ದೀಯ ಅಂತ ಗೊತ್ತಾಯ್ತು. ಸರಿ ಮಾಡ್ದೆ. ಅಳತೆಯೆಲ್ಲ ಪಕ್ಕಾ, ಎಡಗಡೆಯದ್ದನ್ನೇ ಇಟ್ಟು ಗುರುತು ಹಾಕ್ದೆ."

ಸೋಫಾದಿಂದ ಸೀತತ್ತೆ ತಲೆಯಾಡಿಸಿದರು. "ಪಾವಂ, ಹಬ್ಬದ ದಿನ ಇಡೀ ಸಾಯಂಕಾಲ ಕೂತು ಮಾಡ್ದ ಮಗು. ಯಾರು ಮಾಡ್ತಾರೆ ಈ ಕಾಲದಲ್ಲಿ!"

ಮಗುವಂತೆ! ಐವತ್ತು ಹತ್ತಿರವಾದ ಮಗು.

ಸುಮೇಧಾ ಮುಚ್ಚಳ ಎತ್ತಿದಳು. ಗಪ್ಪನೆ ಮೂಗಿಗೆ ಬಡಿಯಿತು ಆ ವಾಸನೆ. "ಯಾವ ಗೋಂದು ಹಾಕಿದ್ರಿ?"

"ಸೂಪರ್ ಗ್ಲೂ. ಒಂದು ಸಲ ಹಿಡೀತು ಅಂದ್ರೆ ಬಿಡಲ್ಲ. ಧೂಳು ಕೂರಬಾರದು ಅಂತ ಮುಚ್ಚಿಟ್ಟೆ."

ಮಾಡೆಲ್ ಮಾಡುವವರು ಮೊದಲ ವಾರ ಕಲಿಯುವ ಪಾಠವಿದು: ಗಾಜಿನಂಥ ಪ್ಲಾಸ್ಟಿಕ್ಕಿನ ಹತ್ತಿರ ಆ ಗೋಂದು ತರಬಾರದು. ಅದರ ಹಬೆ ತಗುಲಿದರೆ ಪಾರದರ್ಶಕವಾದದ್ದು ಬೆಳ್ಳಗಾಗಿಬಿಡುತ್ತದೆ. ಮುಚ್ಚಿಟ್ಟರಂತೂ ಕೇಳುವುದೇ ಬೇಡ. ಅವಳು ವಿಮಾನವನ್ನು ದೀಪಕ್ಕೆ ಹಿಡಿದಳು. ಗೂಡಿನ ಕಿಟಕಿಗಳೆಲ್ಲ ವಿಭೂತಿ ಬಳಿದ ಹಾಗೆ ಮಂಕಾಗಿದ್ದವು. ಹೊರಗಿನದಾದರೆ ಉಜ್ಜಿ ತೆಗೆಯಬಹುದಿತ್ತು. ಹಬೆ ಸಂದಿಯಲ್ಲಿ ನುಗ್ಗಿ ಒಳಗೂ ಹಿಡಿದಿತ್ತು. ಕುರ್ಚಿ, ಬೆಲ್ಟು, ಅಕ್ಕಿಕಾಳಿನ ಮೀಟರು, ಒಂದೂ ಕಾಣಿಸಲಿಲ್ಲ. ನೋಡುವುದಕ್ಕಾಗಿಯೇ ಮಾಡಿದ ವಿಮಾನಕ್ಕೆ ಕಣ್ಣೇ ಹೋಗಿತ್ತು.

ಇನ್ನೂ ಒಂದು ಕಂಡಿತು ಅವಳಿಗೆ. ಎಡರೆಕ್ಕೆಯ ಮೇಲೆ, ಹೆಬ್ಬೆರಳಿನ ಗುರುತಿನಲ್ಲಿ, ಕುಂಕುಮ.

ಅವಳು ಪೂಜೆಯ ಮಣೆಯ ಕಡೆ ತಿರುಗಿದಳು. ಎಸಳುಗಳು ಚೆಲ್ಲಾಪಿಲ್ಲಿಯಾಗಿದ್ದವು. ಬ್ಲೇಡಿನ ಚಾಕುವಿನ ಮೂತಿಗೆ ಹಸಿರು ಬಣ್ಣ ಮೆತ್ತಿತ್ತು.

"ಪೂಜೆಗಿಟ್ಟಿದ್ದನ್ನ ಎತ್ತಿದ್ರಾ?"

"ಕತ್ತರಿಸೋಕೆ ಬೇರೇನೂ ಇರ್ಲಿಲ್ಲ ಸುಮಾ. ಮನೇಲಿದ್ದ ಚಾಕುವೆಲ್ಲ ಪೂಜೇಲಿ ಇತ್ತು."

"ನಿಮ್ಮ ಲ್ಯಾಪ್‌ಟಾಪೂ ಪೂಜೇಲಿ ಇದೆ. ಅದನ್ನ ಎತ್ತಿದ್ರಾ?"

"ಅದು ಬೇರೆ. ಅದು ಆಫೀಸಿಂದು."

ಹೇಗಿದೆ ನೋಡಿ ನ್ಯಾಯ! ಸೀತತ್ತೆಯ ಮುಖವನ್ನು ನೋಡಿದಳು ಸುಮೇಧಾ. ಶಾಸ್ತ್ರದ ಕೊನೆಯ ಮಾತು ಅಲ್ಲಿಂದಾದರೂ ಬರಲಿ ಎಂದು. ಸೀತತ್ತೆ ಸೆರಗಿನ ಅಂಚು ಸರಿಪಡಿಸಿಕೊಂಡು, "ಒಳ್ಳೆ ಕೆಲಸಕ್ಕೆ ತಾನೆ ಎತ್ತಿದ್ದು, ಪರವಾಯಿಲ್ಲೆ" ಅಂದರು. ಹೆಂಗಸು ಮಡಿ ಸೀರೆಯ ಚುಂಗು ತಾಗಿಸಿದರೆ ಊರು ಒಂದುಮಾಡುವವರಿಗೆ, ಗಂಡಸು ದೇವರ ಮುಂದಿಂದ ಚಾಕು ಎತ್ತಿದರೆ ಪರವಾಯಿಲ್ಲೆ.

"ಇದು ಇರೋದೇ ಹೀಗೆ" ಎಂದಳು ಸುಮೇಧಾ. ಹಾಲಿನಲ್ಲಿ ನೆಂಟರಿದ್ದಾರೆಂದು ದನಿ ತಗ್ಗಿಸಿದ್ದಳು. "ಬಾಲ ಅರ್ಧವೇ ಇರೋದು. ಹಾಗೇ ಮಾಡಿರೋದು. ನಾನು ಮುರಿದಿಲ್ಲ."

ಸತ್ಯಾತ್ಮ ನಕ್ಕ. "ಏಯ್, ಅರ್ಧ ಬಾಲ ಇಟ್ಕೊಂಡು ಯಾವ ವಿಮಾನ ಹಾರುತ್ತೆ?"

"ಡಬ್ಬಿ ಮೇಲೆ ಇಷ್ಟು ದೊಡ್ಡ ಚಿತ್ರ ಇದೆ. ಬಾಲ್ಕನೀಲೇ ಇದೆ ಡಬ್ಬಿ."

"ನೋಡ್ದೆ. ಆ ಕಡೆಯದು ಮರೆಯಾಗಿದೆ ಅಂದ್ಕೊಂಡೆ."

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ? ಫೋನ್ ಇತ್ತಲ್ಲ?"

"ನೀನು ಯಾರ ಮನೇಲೋ ಹಾಡ್ತಾ ಕೂತಿರುವಾಗ ಬಾಲಕ್ಕೋಸ್ಕರ ಫೋನ್ ಮಾಡ್ಲಾ? ಥ್ಯಾಂಕ್ಸ್ ಹೇಳೋದು ಬಿಟ್ಟು..."

ನಿಖಿತಾ ವಿಮಾನವನ್ನು ನೋಡಿ, ತಂದೆಯನ್ನು ನೋಡಿ, "ಎನ್ನಪ್ಪಾ ಇದು, ಅಮ್ಮ ಸಂಡೇ ಎಕ್ಸಿಬಿಷನ್‌ಗೆ ತಗೊಂಡು ಹೋಗ್ಬೇಕಿತ್ತಲ್ಲ" ಎಂದಳು. ಆ ಹುಡುಗಿ ಇಷ್ಟುದ್ದ ಕನ್ನಡ ಮಾತಾಡಿದ್ದು ಆ ವರ್ಷ ಅದೇ ಮೊದಲು.

"ಯಾವ ಎಕ್ಸಿಬಿಷನ್?" ಎಂದ ಸತ್ಯಾತ್ಮ. ಅವಳು ಹೇಳಿರಲಿಲ್ಲವೆಂದಲ್ಲ. ಹೇಳಿದ್ದಳು, ಊಟದ ಹೊತ್ತಿನಲ್ಲಿ, ಅವನು ಆಗ ಅನ್ನದ ಪಾತ್ರೆಯ ಮುಚ್ಚಳವನ್ನು ಸರಿಯಾಗಿ ಮುಚ್ಚುತ್ತಿದ್ದ.

ಸುಮೇಧಾ ವಿಮಾನವನ್ನು ಮೆಟ್ಟಿಲಿನಲ್ಲಿಟ್ಟು ಒಳಗೆ ಹೋದಳು. ಅತ್ತೆಯ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಸಂಜೆಯಿಂದ ಮಲಗಿದ್ದಾರೆ, ಉಪವಾಸದ ಸುಸ್ತಿರಬೇಕು ಎಂದು ಸೀತತ್ತೆ ಹೇಳಿದರು. ಅಡುಗೆಮನೆಯಲ್ಲಿ ನಿಂತು ಸುಮೇಧಾ ಮನೆಮನೆಯಲ್ಲಿ ಕೊಟ್ಟಿದ್ದ ಸುಂಡಲಿನ ಪೊಟ್ಟಣಗಳನ್ನೆಲ್ಲ ಒಂದೇ ಪಾತ್ರೆಗೆ ಸುರಿದಳು, ಕಡಲೆ, ಹೆಸರು, ಬಟಾಣಿ ಎಲ್ಲ ಕಲಸಿಹೋಗುವಂತೆ. ಮೈಯೆಲ್ಲ ಉರಿಯುತ್ತಿತ್ತು. ಕೆಟ್ಟತನದಿಂದ ಹಾಳುಮಾಡಿದ್ದರೆ ಬಯ್ಯಬಹುದಿತ್ತು, ಬಯ್ದರೆ ನಾಲ್ಕು ಜನ ಅವಳ ಕಡೆ ನಿಲ್ಲುತ್ತಿದ್ದರು. ಇವನು ಪ್ರೀತಿಯಿಂದ ಹಾಳುಮಾಡುತ್ತಾನೆ. ಅದಕ್ಕೆ ಕೋಪ ಬಂದರೆ ತಪ್ಪು ಅವಳದೇ ಆಗುತ್ತದೆ. ಇಷ್ಟು ವರ್ಷ ಆಗಿದ್ದೂ ಅದೇ. ಫೋನ್ ತೆಗೆದು ಗುರುಚರಣರಿಗೆ "ಈ ಸಲ ಬರಲಾಗುವುದಿಲ್ಲ, ಕ್ಷಮಿಸಿ" ಎಂದು ಟೈಪ್ ಮಾಡಿದಳು. ಕಳಿಸುವ ಬಟನ್ನಿನ ಮೇಲೆ ಬೆರಳಿಟ್ಟಳು. ಕ್ಷಮಿಸಿ ಎಂಬ ಮಾತು ಕಣ್ಣಿಗೆ ಬಿತ್ತು. ಯಾಕೆ? ನಾನು ಯಾಕೆ ಕ್ಷಮೆ ಕೇಳಬೇಕು? ಅಳಿಸಿ ಹಾಕಿದಳು.

ಗರಗಸ ತೆಗೆದು ಆಗಲೇ ಆ ಐಸ್‌ಕ್ರೀಮ್ ಮುಚ್ಚಳವನ್ನು ಕತ್ತರಿಸಿಬಿಡಬೇಕೆಂದು ಕೈ ತುರಿಸುತ್ತಿತ್ತು. ಆದರೆ ಮುಟ್ಟಲಿಲ್ಲ. ಅತ್ತೆ ಕುಂಕುಮವಿಟ್ಟ ಸಾಮಾನು ಅದು. ಈ ಮನೆಯಲ್ಲಿ ನಿಯಮ ಯಾರಿಗೂ ಇಲ್ಲದಿದ್ದರೂ ತನಗಿದೆ ಎಂದುಕೊಂಡು ಹಲ್ಲು ಕಚ್ಚಿ ಬೆಳಗಿಗಾಗಿ ಕಾದಳು.

ವಿಜಯದಶಮಿಯ ಬೆಳಿಗ್ಗೆ ಪುನಃಪೂಜೆ ಆಯಿತು. ಮಂಗಳಾರತಿಯಾದ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಆಯುಧವನ್ನು ಎತ್ತಿ, ಶುಭವಾಗಲೆಂದು ಅದರಲ್ಲಿ ಒಂದು ಕೆಲಸ ಮಾಡಬೇಕು. ಸತ್ಯಾತ್ಮ ಲ್ಯಾಪ್‌ಟಾಪ್ ತೆರೆದು ಶ್ರೀ ಎಂದು ಟೈಪ್ ಮಾಡಿದ. ನಿಖಿತಾ ಪುಸ್ತಕದ ಒಂದು ಪುಟ ಓದಿದಳು. ಕೌಸಲ್ಯಾ ಈಳಿಗೆಮಣೆಯ ಮೇಲೆ ಕೂತು ಒಂದು ಸೌತೆಕಾಯಿ ಹೆಚ್ಚಿದರು. ಸ್ನಾನ ಮಾಡಿ ಒದ್ದೆ ಕೂದಲು ಗಂಟು ಹಾಕಿಕೊಂಡಿದ್ದ ಮುದುಕಿ ಬೆಳಗಿನಿಂದ ಯಾರೊಂದಿಗೂ ಮಾತಾಡಿರಲಿಲ್ಲ.

ಸುಮೇಧಾ ಮಣೆಗೆ ನಮಸ್ಕಾರ ಮಾಡಿ ಗರಗಸ ಎತ್ತಿಕೊಂಡಳು. ಕೊಲುವಿನ ಹತ್ತಿರ ಹೋಗಿ ವಿಮಾನವನ್ನು ತಂದು, ಎಲ್ಲರ ನಡುವೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ಅಯ್ಯಯ್ಯೋ, ದಶಮಿ ದಿನ ಗೊಂಬೆ ಕುಯ್ತಾಳಲ್ಲೋ ಸತ್ಯ!" ಎಂದರು ಸೀತತ್ತೆ.

"ನನ್ನ ಆಯುಧ, ಸೀತತ್ತೆ. ಮೊದಲ ಕೆಲಸ ನಾನು ಮಾಡ್ಬೇಕು" ಎಂದಳು ಸುಮೇಧಾ.

ಸತ್ಯಾತ್ಮ ಬಗ್ಗಿದ. ಕೈ ಚಾಚಿಯೇ ಬಿಟ್ಟ. "ಕೊಡು ಇಲ್ಲಿ. ಬೇಡ ಅಂದ್ರೆ ಬೇಡ, ನಾನೇ ನೀಟಾಗಿ ತೆಗೆದು ಕೊಡ್ತೀನಿ. ನೀನು ಆತುರದಲ್ಲಿ ಇರೋ ಬಾಲವನ್ನೂ ಮುರೀತೀಯ."

"ಸತ್ಯ, ಕೈ ತೆಗಿ." ಹೇಳಿದವರು ಕೌಸಲ್ಯಾ.

ಕೈ ಹಿಂದೆ ಹೋಯಿತು. ಗರಗಸ ಆಡಿತು. ಹಿಡಿದರೆ ಬಿಡದ ಗೋಂದು ನಿಜವಾಗಿಯೂ ಬಿಡಲಿಲ್ಲ. ಸುಮೇಧಾ ಉಸಿರು ಬಿಗಿಹಿಡಿದು ಎಳೆಯೆಳೆಯಾಗಿ ಕುಯ್ದಳು. ಹಸಿರು ಪುಡಿ ಮಡಿಲಿಗೆ ಉದುರಿತು. ಕೊನೆಗೆ ಟಕ್ಕೆಂದು ಆ ಚೂರು ಬಿದ್ದಿತು. ಬಾಲದ ಪಕ್ಕದಲ್ಲಿ ಗಾಯದ ಹಾಗೆ ಒಂದು ಒರಟು ಕಲೆ ಉಳಿಯಿತು. ಗಾಜು ಮಂಕಾಗಿಯೇ ಇತ್ತು, ಅದು ಇನ್ನು ಹಾಗೇ ಇರುವುದು. ಅವಳು ಬಿದ್ದ ಚೂರನ್ನು ಎತ್ತಿ ಗಂಡನ ಅಂಗೈಯಲ್ಲಿಟ್ಟಳು.

"ಇದು ನಿಮ್ಮದು."

ಸತ್ಯಾತ್ಮನ ಮುಖ ಕೆಂಪಾಯಿತು. "ನಾನೇನು ಬೇಕಂತ ಮಾಡಿದ್ನಾ? ಇದು ಹೀಗೇ ಇರೋದು ಅಂತ ಯಾರಾದ್ರೂ ಒಬ್ರು, ಒಂದೇ ಒಂದು ಮಾತು ಹೇಳಿದ್ರೆ ನಾನು ಯಾಕೆ ಮುಟ್ತಿದ್ದೆ? ಮನೇಲಿ ಯಾರಿಗೆ ಗೊತ್ತಿತ್ತು?"

"ನನಗೆ ಗೊತ್ತಿತ್ತು" ಎಂದರು ಕೌಸಲ್ಯಾ.

ಸುಮೇಧಾ ತಲೆಯೆತ್ತಿದಳು.

"ನಾನು ಹೇಳಿದ್ನಲ್ಲೋ" ಎಂದರು ಮುದುಕಿ, ಸೌತೆಕಾಯಿಯ ಹೋಳುಗಳನ್ನು ತಟ್ಟೆಗೆ ಎತ್ತಿಡುತ್ತ. "ನಿನ್ನೆ ನೀನು ದೇವರ ಮುಂದಿಂದ ಚಾಕು ಎತ್ತಿದಾಗಲೇ ಹೇಳ್ದೆ. ಅದು ಮುರಿದಿದ್ದಲ್ಲಪ್ಪ, ಬಿಟ್ಟಿದ್ದು, ಹಿಂದೆ ಕೂತವನಿಗೆ ಕಾಣ್ಲಿ ಅಂತ ಬಿಟ್ಟಿದ್ದು, ಸುಮೇಧಾ ನನಗೆ ತೋರಿಸಿದಾಳೆ ಅಂದೆ. ನೀನೇನಂದೆ? 'ನಿನಗೇನಮ್ಮ ತಿಳಿಯುತ್ತೆ ವಿಮಾನದ ವಿಷ್ಯ, ಸುಮ್ನೆ ಹೋಗಿ ಮಲ್ಕೋ' ಅಂದೆ. ಹೋಗಿ ಮಲಗ್ದೆ."

ಸೀತತ್ತೆ ಕಿಟಕಿಯ ಕಡೆ ನೋಡತೊಡಗಿದರು. ಅವರಿಗೂ ಇದು ಗೊತ್ತಿದ್ದದ್ದು; ಅವರ ಎದುರೇ ನಡೆದದ್ದು.

ಸತ್ಯಾತ್ಮ ಅಮ್ಮನನ್ನು ನೋಡಿದ, ಅಂಗೈಯಲ್ಲಿದ್ದ ಐಸ್‌ಕ್ರೀಮ್ ಮುಚ್ಚಳದ ಚೂರನ್ನು ನೋಡಿದ. "ನಿನಗೆ ವಿಮಾನದ ಬಗ್ಗೆ..." ಎಂದು ಶುರುಮಾಡಿ ನಿಲ್ಲಿಸಿದ.

ಸುಮೇಧಾಳ ಕೋಪ ಆಗ ಬಿಸಿಯಾಗಿರಲಿಲ್ಲ, ಗಟ್ಟಿಯಾಗಿತ್ತು. ತನ್ನೊಬ್ಬಳ ಮಾತು ಕೇಳದವನು ಎಂದುಕೊಂಡಿದ್ದಳು. ಹೆತ್ತವಳು ಎದುರು ನಿಂತು ಹೇಳಿದರೂ ಕೇಳದವನು ಇವನು. ಎಂಬತ್ತು ಹತ್ತಿರವಾದ ಹೆಂಗಸನ್ನು, ಅವಳ ಮನೆಯಲ್ಲೇ, ಅವಳೇ ಹೂವೇರಿಸಿದ ಪೂಜೆಯ ಮುಂದೆ, ಮಲಗು ಹೋಗು ಅಂದವನು. ಸುಮೇಧಾ ಎದ್ದು ವಿಮಾನವನ್ನು ಅದರ ಮೆಟ್ಟಿಲಿಗೆ ಒಯ್ದು ಇಟ್ಟಳು, ಬೋಳು ಕಡೆ ಎಲ್ಲರಿಗೂ ಕಾಣುವಂತೆ.

"ಭಾನುವಾರ ಇದನ್ನ ಎಗ್ಮೋರಿಗೆ ತಗೊಂಡು ಹೋಗ್ತೀನಿ. ಹೀಗೇ ತಗೊಂಡು ಹೋಗ್ತೀನಿ" ಎಂದಳು. "ನೀವೂ ಬರ್ತೀರಿ. ನನ್ನ ಮೇಜಿನ ಪಕ್ಕ ನಿಂತ್ಕೋತೀರಿ."

"ನಾನಾ? ನಾನ್ಯಾಕೆ?"

"ಬಾಲ ಯಾಕೆ ಅರ್ಧ ಅಂತ ಕೇಳಿದವರಿಗೆ ನಾನು ಹೇಳ್ತೀನಿ. ಗಾಜು ಯಾಕೆ ಮಂಕಾಗಿದೆ ಅಂತ ಕೇಳೇ ಕೇಳ್ತಾರೆ, ಬಲ್ಲವರೆಲ್ಲ ಬರ್ತಾರೆ ಅಲ್ಲಿ. ಅದಕ್ಕೆ ಉತ್ತರ ನೀವು ಹೇಳಿ. ನಾನು ಹೇಳಲ್ಲ."

"ಏನಂತ ಹೇಳ್ಲಿ ಸುಮಾ ನಾನು?"

ಕೌಸಲ್ಯಾ ಈಳಿಗೆಮಣೆಯನ್ನು ಮಡಿಸಿ, ಗೋಡೆಗೆ ಕೈಯೂರಿ ಎದ್ದರು. "ಮನೇಲಿ ಇಬ್ಬರು ಹೆಂಗಸರಿಗೆ ಗೊತ್ತಿತ್ತು, ನಾನು ಒಬ್ಬರನ್ನ ಕೇಳ್ಲಿಲ್ಲ, ಇನ್ನೊಬ್ಬರು ಹೇಳಿದ್ರೂ ಕೇಳ್ಲಿಲ್ಲ ಅಂತ ಹೇಳು. ತಮಿಳಲ್ಲೂ ಹೇಳು, ಎಲ್ರಿಗೂ ತಿಳೀಲಿ."

ಸತ್ಯಾತ್ಮ ಬಾಯಿ ತೆರೆದ. ಆ ಮಾತಿನಲ್ಲಿ ಸರಿಮಾಡಲು ಅವನಿಗೆ ಏನೂ ಸಿಗಲಿಲ್ಲ.